ದಾವಣಗೆರೆಗೆ ರೈಲು ನಡುರಾತ್ರಿಯ ನೆಂಟ!

ಚೌಕಿಪೇಟೆಯ ಜವಳಿ ಅಂಗಡಿಗಳ ಗಲ್ಲಾದ ಮುಂದೆ ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುವ ಮಾತೊಂದಿದೆ. “ನಾಳೆ ಬೆಂಗಳೂರಿಗೆ ಹೋಗ್ಬೇಕ್ರೀ. ಬಸ್ಸಿಗೋ, ರೈಲಿಗೋ?”

ಪ್ರಶ್ನೆ ಚಿಕ್ಕದು. ಉತ್ತರ ಮಾತ್ರ ಊರನ್ನು ಎರಡು ಪಕ್ಷ ಮಾಡಿದೆ. “ಕಾಲು ಚಾಚಿ ಮಲಗಿ ಹೋಗಬಹುದು, ದುಡ್ಡೂ ಕಡಿಮೆ” ಎಂದು ರೈಲಿನ ಪಕ್ಷದವರು ಹೇಳಿದರೆ, “ಕೈ ಅಡ್ಡ ಹಿಡಿದ್ರೆ ಬಸ್ಸು ನಿಲ್ತದೆ, ರೈಲು ನಿಲ್ತದೇನ್ರೀ?” ಎಂದು ಬಸ್ಸಿನ ಪಕ್ಷದವರು ಬಾಯಿ ಮುಚ್ಚಿಸುತ್ತಾರೆ. ಇಬ್ಬರ ಮಾತೂ ನಿಜವೇ. ಆದರೆ ಇಬ್ಬರೂ ಹೇಳದೆ ಬಿಡುವ ಮೂರನೆಯ ನಿಜವೊಂದಿದೆ. ದೂರದ ಪ್ರಯಾಣಕ್ಕೆ ರೈಲಿನಂಥ ವಾಹನ ಇನ್ನೊಂದಿಲ್ಲ. ಆದರೆ ಆ ರೈಲಿನ ವೇಳಾಪಟ್ಟಿ ಬರೆಯುವವರ ಕಣ್ಣಿಗೆ ಕಾಣುವುದು ಹಳಿಯ ಎರಡು ತುದಿ ಮಾತ್ರ. ಒಂದು ತುದಿಗೆ ಬೆಂಗಳೂರು, ಇನ್ನೊಂದು ತುದಿಗೆ ಹುಬ್ಬಳ್ಳಿ, ಧಾರವಾಡ, ಬೆಳಗಾವಿ. ನಡುವೆ ಇರುವ ದಾವಣಗೆರೆ, ಹರಿಹರದವರು ಬಂದದ್ದನ್ನು ಬಂದ ಹೊತ್ತಿಗೆ ಹತ್ತಬೇಕು. ಸಿಕ್ಕರೆ ಸೀಟು, ಇಲ್ಲದಿದ್ದರೆ ಬಾಗಿಲ ಸಂದು!

ಹಳೆಯ ನಂಟು

ಈ ಊರಿಗೂ ರೈಲಿಗೂ ನಂಟು ನಿನ್ನೆ ಮೊನ್ನೆಯದಲ್ಲ. ಮೈಸೂರು ಸಂಸ್ಥಾನದ ಕಾಲದಲ್ಲಿ, 1880ರ ದಶಕದಲ್ಲೇ, ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆ, ಬೀರೂರಿನ ಮೇಲೆ ಹಾದು ಹರಿಹರದ ತನಕ ಮೀಟರ್ ಗೇಜ್ ಹಳಿ ಬಂತು. ತುಂಗಭದ್ರೆಯ ಆಚೆ ದಡ ಆಗ ಮುಂಬಯಿ ಪ್ರಾಂತ್ಯ. ಹತ್ತಿಯ ಊರು, ಗಿರಣಿಗಳ ಊರು ಎಂದು ದಾವಣಗೆರೆ ಹೆಸರು ಮಾಡಿದ್ದರ ಹಿಂದೆ ಈ ಹಳಿಯ ಪಾಲೂ ಇದೆ. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡು ನೈಋತ್ಯ ರೈಲ್ವೆ ವಲಯ ಶುರುವಾಯಿತು. ಆಮೇಲೆ ಜೋಡಿ ಹಳಿ ಬಂತು, ಕರೆಂಟಿನ ತಂತಿಯೂ ಬಂತು. 2023ರ ಮಾರ್ಚಿನಲ್ಲಿ ಹುಬ್ಬಳ್ಳಿಯಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರಂ ಉದ್ಘಾಟನೆಯಾಗಿ, ಜಗತ್ತಿನಲ್ಲೇ ಉದ್ದದ್ದು ಎಂಬ ಕೀರ್ತಿಯೂ ದಕ್ಕಿತು.

ಇಷ್ಟೆಲ್ಲ ಬಂದಾಗ ಊರಿನವರು ಸುಮ್ಮನೆ ನೋಡುತ್ತಾ ಕೂತವರಲ್ಲ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಸ್ಕೂಟರ್ ಆಫ್ ಮಾಡಿ, ಗಾಡಿ ಹೋಗುವ ತನಕ ಬೆವರು ಒರೆಸಿಕೊಂಡು ನಿಂತವರು ಇವರೇ. ಊರಿನ ಹೊಟ್ಟೆಯನ್ನು ಸೀಳಿಕೊಂಡು ಹೋಗುವ ಹಳಿಯ ತೊಂದರೆಯನ್ನು ವರ್ಷಗಟ್ಟಲೆ ಹೊಟ್ಟೆಗೆ ಹಾಕಿಕೊಂಡವರಿಗೆ ಆ ಹಳಿಯ ಪ್ರಯೋಜನ ಕೇಳುವ ಹಕ್ಕು ಇಲ್ಲವೇ?

ರೈಲಿನ ಪರವಾಗಿ

ಮೊದಲು ರೈಲಿನ ಗುಣವನ್ನೇ ಹೇಳಿಬಿಡೋಣ.

ಒಂದನೆಯದು ಚಾರ್ಜು. ಬೆಂಗಳೂರಿಗೆ ಜನರಲ್ ಬೋಗಿಯ ಟಿಕೆಟ್ಟು ಸರ್ಕಾರಿ ಬಸ್ಸಿನ ಅರ್ಧಕ್ಕಿಂತಲೂ ಕಡಿಮೆ. 2025ರ ಜನವರಿಯಲ್ಲಿ ಬಸ್ ಚಾರ್ಜು ಶೇ. 15ರಷ್ಟು ಏರಿದ ಮೇಲಂತೂ ಅಂತರ ಇನ್ನೂ ಹೆಚ್ಚಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ್ದರಿಂದ ಮನೆಯ ಲೆಕ್ಕ ಸ್ವಲ್ಪ ಬದಲಾಗಿದೆ, ಅದೂ ಸರಿ. ಆದರೆ ಗಂಡಸರ ಜೇಬಿಗೆ ಇಂದಿಗೂ ರೈಲೇ ಹಗುರ.

ಎರಡನೆಯದನ್ನು ಬಾಯಿಬಿಟ್ಟು ಹೇಳಲು ಜನ ನಾಚುತ್ತಾರೆ, ಆದರೆ ಹೇಳಲೇಬೇಕು. ರೈಲಿನಲ್ಲಿ ಶೌಚಾಲಯವಿದೆ. ಸಕ್ಕರೆ ಕಾಯಿಲೆಯವರು, ಅರವತ್ತು ದಾಟಿದವರು, ಬಸುರಿ ಹೆಂಗಸರು, ಚಿಕ್ಕ ಮಕ್ಕಳನ್ನು ಕಟ್ಟಿಕೊಂಡ ತಾಯಂದಿರು ಬಸ್ಸಿನಲ್ಲಿ ಐದು ತಾಸು ಹಲ್ಲು ಕಚ್ಚಿ ಕೂರುವ ಕಷ್ಟ ಅವರಿಗೇ ಗೊತ್ತು. ಹೊರಡುವ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದು ಬಿಟ್ಟು ಬಸ್ಸು ಹತ್ತುವ ಅಜ್ಜಿಯಂದಿರು ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಬೆಂಗಳೂರಿನ ಕಿದ್ವಾಯಿಗೆ, ಜಯದೇವಕ್ಕೆ, ನಿಮ್ಹಾನ್ಸ್‌ಗೆ ರೋಗಿಯನ್ನು ಕರೆದೊಯ್ಯುವವರಿಗೆ ರೈಲು ಅನ್ನುವುದು ಸೌಕರ್ಯವಲ್ಲ, ಆಸರೆ. ಕ್ಯಾನ್ಸರ್ ರೋಗಿಗೆ ಆಸ್ಪತ್ರೆಯ ಚೀಟಿ ಇದ್ದರೆ ರೈಲ್ವೆಯಲ್ಲಿ ದೊಡ್ಡ ರಿಯಾಯಿತಿಯೂ ಉಂಟು. ಎಷ್ಟೋ ಮನೆಯವರಿಗೆ ಈ ಸಂಗತಿಯೇ ತಿಳಿಯದು. ಹೊರಡುವ ಮುಂಚೆ ಸ್ಟೇಷನ್ ಕೌಂಟರಿನಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೂರನೆಯದು ಜೀವದ ಮಾತು. 2020ರ ಆಗಸ್ಟ್‌ನಲ್ಲಿ ಹಿರಿಯೂರಿನ ಹತ್ತಿರ ಬೆಂಗಳೂರಿಗೆ ಹೊರಟಿದ್ದ ಖಾಸಗಿ ಬಸ್ಸು ಹೊತ್ತಿಕೊಂಡು ಐವರು ಸುಟ್ಟುಹೋದರು. 2025ರ ಅಕ್ಟೋಬರ್‌ನಲ್ಲಿ ಕರ್ನೂಲಿನ ಬಳಿ ಹೈದರಾಬಾದ್–ಬೆಂಗಳೂರು ಸ್ಲೀಪರ್ ಬಸ್ಸು ಉರಿದು ಸುಮಾರು 20 ಜನ ಸತ್ತರು. ರಾತ್ರಿ ಹೊತ್ತು ಹೈವೇಯಲ್ಲಿ ಡ್ರೈವರ್ ಒಬ್ಬನ ಕಣ್ಣಿನ ಮೇಲೆ ನಲವತ್ತು ಜನರ ಪ್ರಾಣ ನಿಂತಿರುತ್ತದೆ. ಹಾಗೆಂದು ರೈಲಿನಲ್ಲಿ ಅಪಘಾತವೇ ಇಲ್ಲ ಎಂದರೆ ಅದೂ ಸುಳ್ಳು. 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಬಳಿ ನಡೆದ ದುರಂತದಲ್ಲಿ 290ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಸಿಕ್ಕಿಬಿದ್ದ ಗಾಡಿಗಳಲ್ಲಿ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿಯೂ ಒಂದು. ಆದರೂ ದಿನ ದಿನದ ಲೆಕ್ಕದಲ್ಲಿ ರಸ್ತೆಗಿಂತ ಹಳಿ ಮೇಲು ಎಂಬುದರಲ್ಲಿ ಅನುಮಾನವಿಲ್ಲ.

ನಾಲ್ಕನೆಯದು ದೂರ. ಬೆಂಗಳೂರನ್ನು ಬಿಟ್ಟು ಪುಣೆ, ಮುಂಬಯಿ, ಸೂರತ್, ದೆಹಲಿ ಎಂದರೆ ರೈಲಿಗೆ ಎದುರಿಲ್ಲ. ಜೋಧಪುರ, ಗಾಂಧಿಧಾಮದ ಕಡೆಯ ಗಾಡಿಗಳು ಇದೇ ಹಳಿಯ ಮೇಲೆ ಹುಬ್ಬಳ್ಳಿ, ಪುಣೆ ದಾಟಿ ಸೂರತ್ ಮುಟ್ಟುತ್ತವೆ. ಸೀರೆ ಖರೀದಿಗೆ ಹೋಗುವ ವ್ಯಾಪಾರಿಗೆ ಅದಕ್ಕಿಂತ ಏನು ಬೇಕು? ಮನೆಯ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹತ್ತಿದರೆ ಹೋಟೆಲ್ ಖರ್ಚೂ ಉಳಿಯಿತು. ಎದುರು ಸೀಟಿನವರೊಂದಿಗೆ ಮಾತಿಗೆ ಕೂತರೆ ಹುಬ್ಬಳ್ಳಿ ಮಾರ್ಕೆಟ್ಟಿನ ಧಾರಣೆಯೂ ತಿಳಿಯಿತು.

ಆದರೆ ಒಂದು ಎಚ್ಚರ. ಸ್ಲೀಪರ್ ಟಿಕೆಟ್ಟಿಗೆ 40 ಕಿಲೋ, ಸೆಕೆಂಡ್ ಕ್ಲಾಸಿಗೆ 35 ಕಿಲೋ ಲಗೇಜು ಮಾತ್ರ ಉಚಿತ, ಅದೂ ಸ್ವಂತ ಸಾಮಾನು. ಮಾರಾಟದ ಸರಕನ್ನು ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಬೇಕು. ಸೀಟಿನ ಕೆಳಗೆ ಸೀರೆಯ ಗಂಟು ತುರುಕಿ, ಟಿ.ಸಿ. ಬಂದಾಗ “ತಂಗಿ ಮದುವೆದು ಸಾರ್” ಎಂದರೆ ಅವರೂ ಹತ್ತಾರು ತಂಗಿಯರ ಮದುವೆ ನೋಡಿದವರೇ!

ರೈಲಿನ ವಿರುದ್ಧ

ಇನ್ನು ದೋಷದ ಕಡೆಗೆ ಬರೋಣ. ಅಂಗಡಿಯವನಿಗೆ ಬೆಂಗಳೂರಿಗೆ ಹೋಗಬೇಕು ಎಂದು ಗೊತ್ತಾಗುವುದು ಯಾವಾಗ? ಸಂಜೆ ಸ್ಟಾಕ್ ನೋಡಿದಾಗ. ರೈಲ್ವೆಯವರು ಟಿಕೆಟ್ಟು ಬಿಡುವುದು ಎಂದಿನಿಂದ? 60 ದಿನ ಮೊದಲಿನಿಂದ. 2024ರ ನವೆಂಬರ್‌ಗೆ ಮುಂಚೆ ಅದು 120 ದಿನ ಇತ್ತು, ಈಗ ಅರ್ಧಕ್ಕೆ ಇಳಿದಿದೆ, ಒಳ್ಳೆಯದೇ. ಆದರೂ ಸಂಜೆ ನೆನಪಾದವನಿಗೆ ಉಳಿಯುವುದು ತತ್ಕಾಲ್ ಒಂದೇ. ಹಿಂದಿನ ದಿನ ಬೆಳಿಗ್ಗೆ ಎ.ಸಿ.ಗೆ 10 ಗಂಟೆಗೆ, ಸ್ಲೀಪರ್‌ಗೆ 11 ಗಂಟೆಗೆ ಅದು ತೆರೆಯುತ್ತದೆ. ಬೋಣಿ ಆಗುವ ಹೊತ್ತಿಗೆ ಸರಿಯಾಗಿ! ಗಿರಾಕಿಯ ಮುಂದೆ ಸೀರೆ ಬಿಚ್ಚುವುದೋ, ಮೊಬೈಲ್ ಒತ್ತುವುದೋ? 2025ರ ಜುಲೈಯಿಂದ ಆಧಾರ್ ಜೋಡಿಸಿದ ಖಾತೆ ಇದ್ದವರಿಗೆ ಮಾತ್ರ ಮೊಬೈಲಿನಲ್ಲಿ ತತ್ಕಾಲ್. ದಲ್ಲಾಳಿಗಳ ಹಾವಳಿ ತಡೆಯಲು ಅದು ಬೇಕಿತ್ತು. ಆದರೆ ಮಗ ಊರಲ್ಲಿಲ್ಲದ ಮುದುಕರಿಗೆ ಈ ಒತ್ತುವ ವಿದ್ಯೆ ಹೇಳಿಕೊಡುವವರು ಯಾರು?

ನಡುವಿನ ಊರಿನವರ ಇನ್ನೊಂದು ಸಂಕಟ ಕೋಟಾ. ಗಾಡಿ ಹೊರಡುವ ಊರಿಗೆ ಬರ್ತ್ ಹೆಚ್ಚು, ದಾರಿಯ ಊರಿಗೆ ಕಡಿಮೆ. ಅದಕ್ಕೇ ಬಲ್ಲವರು ಹುಬ್ಬಳ್ಳಿಯಿಂದ ಟಿಕೆಟ್ ತೆಗೆದು, ಹತ್ತುವ ಸ್ಟೇಷನ್ ದಾವಣಗೆರೆ ಎಂದು ಬರೆಸುತ್ತಾರೆ. ಹೋಗದ ಹುಬ್ಬಳ್ಳಿಗೂ ಕೊಡುವ ಚಾರ್ಜು! 140 ಕಿಲೋಮೀಟರ್ ಮೇಲ್ಪಟ್ಟ ದಾರಿಗೆ ಸುಮ್ಮನೆ ದಂಡ. ಇದು ಜಾಣತನ ಎಂದು ಬೆನ್ನು ತಟ್ಟುವವರಿದ್ದಾರೆ. ಜಾಣತನವಲ್ಲ ಸ್ವಾಮಿ, ಗತಿಗೇಡು.

ವೇಟಿಂಗ್ ಲಿಸ್ಟ್ ಟಿಕೆಟ್ ಹಿಡಿದು ಸ್ಲೀಪರ್ ಹತ್ತಬಾರದು ಎಂಬುದನ್ನು 2025ರ ಮೇ ತಿಂಗಳಿನಿಂದ ಬಿಗಿ ಮಾಡಿದ್ದಾರೆ. ಬರ್ತ್ ಇದ್ದವರಿಗೆ ಅದು ನ್ಯಾಯ. ಆದರೆ ಇಳಿಸಿದವರು ಎಲ್ಲಿಗೆ ಹೋಗಬೇಕು? ಜನರಲ್ ಬೋಗಿಗೆ. ಹಬ್ಬದ ಹಿಂದಿನ ದಿನ ಆ ಬೋಗಿಯ ಬಾಗಿಲಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು ನಿಂತವರನ್ನು ನೋಡಿದರೆ, ಕಡಿಮೆ ಚಾರ್ಜಿನ ಹೊಗಳಿಕೆ ಗಂಟಲಲ್ಲೇ ಉಳಿಯುತ್ತದೆ. ಶೌಚಾಲಯ ಇದ್ದರೇನು, ಅದರ ಬಾಗಿಲ ತನಕ ದಾರಿ ಬೇಡವೇ?

ಹಿರಿಯರ ರಿಯಾಯಿತಿಯ ಕಥೆಯೂ ಇದೇ. ಅರವತ್ತು ದಾಟಿದ ಗಂಡಸರಿಗೆ ಶೇ. 40, ಐವತ್ತೆಂಟು ದಾಟಿದ ಹೆಂಗಸರಿಗೆ ಶೇ. 50 ಇತ್ತು. 2020ರ ಮಾರ್ಚಿನಲ್ಲಿ ಕೋವಿಡ್ ನೆಪದಲ್ಲಿ ನಿಂತದ್ದು ಮರಳಿ ಬರಲಿಲ್ಲ. ರೋಗ ಹೋಯಿತು, ರಿಯಾಯಿತಿಯೂ ಅದರ ಜೊತೆಗೇ ಹೋಯಿತು. ಅದೇ ಹೊತ್ತಿನಲ್ಲಿ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ಎಂದು ಬೋರ್ಡು ಹಾಕಿ, 10 ರೂಪಾಯಿಯ ಕನಿಷ್ಠ ಚಾರ್ಜನ್ನು 30 ಮಾಡಿದ್ದರು. ಜನ ಗೊಣಗಿದ ಮೇಲೆ 2024ರ ಫೆಬ್ರವರಿಯಲ್ಲಿ ಮತ್ತೆ 10ಕ್ಕೆ ಇಳಿಯಿತು. ಕೇಳಿದರೆ ಸಿಗುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ವಂದೇ ಭಾರತ್ ಯಾರಿಗೆ?

2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾಯಿತು. ದಾವಣಗೆರೆಯಲ್ಲಿ ನಿಲುಗಡೆಯನ್ನೂ ಕೊಟ್ಟರು. ಹಾರ ಹಾಕಿದ್ದಾಯಿತು, ಬಾವುಟ ಬೀಸಿದ್ದಾಯಿತು. ಬೆಂಗಳೂರಿನಿಂದ ಇಲ್ಲಿಗೆ ಮೂರೂವರೆ ಗಂಟೆ ಆಸುಪಾಸು. ಬಸ್ಸು ಎಲ್ಲಿ, ಇದೆಲ್ಲಿ!

ಆದರೆ ಹೊತ್ತನ್ನು ನೋಡಿ. ಅದು ಬೆಂಗಳೂರು ಬಿಡುವುದು ಬೆಳಿಗ್ಗೆ 5.45ಕ್ಕೆ, ಧಾರವಾಡದಿಂದ ತಿರುಗಿ ಬೆಂಗಳೂರು ಮುಟ್ಟುವುದು ರಾತ್ರಿ ಎಂಟರ ಹೊತ್ತಿಗೆ ಎಂದು ಗೊತ್ತು ಮಾಡಿದರು. ಅಂದರೆ ಬೆಂಗಳೂರಿನ ಸಾಹೇಬರು ಬೆಳಿಗ್ಗೆ ದಾವಣಗೆರೆಗೆ ಬಂದು, ಬೆಣ್ಣೆದೋಸೆ ತಿಂದು, ಕೆಲಸ ಮುಗಿಸಿ, ರಾತ್ರಿ ಊಟಕ್ಕೆ ಮನೆ ಸೇರಬಹುದು. ದಾವಣಗೆರೆಯ ವ್ಯಾಪಾರಿ ಆ ಗಾಡಿಯಲ್ಲಿ ಹೋದರೆ ಚಿಕ್ಕಪೇಟೆಯಲ್ಲಿ ಅಂಗಡಿಗಳು ಬಾಗಿಲು ಎಳೆಯುವ ಹೊತ್ತಿಗೆ ಇಳಿಯುತ್ತಾನೆ. ಅಲ್ಲಿಗೆ ಲಾಡ್ಜು ಗ್ಯಾರಂಟಿ.

2025ರ ಆಗಸ್ಟ್ 10ರಂದು ಬೆಳಗಾವಿ–ಬೆಂಗಳೂರು ವಂದೇ ಭಾರತ್ ಬಂದಾಗ “ಇದಾದರೂ ನಮಗೆ ಆದೀತು” ಎಂದುಕೊಂಡವರು ಬಹಳ. ಅದು ಬೆಳಗಾವಿಯನ್ನು ಬೆಳಗಿನ ಜಾವ ಬಿಟ್ಟು ಬೆಂಗಳೂರು ಮುಟ್ಟುವುದು ಮಧ್ಯಾಹ್ನ ಎರಡರ ಹತ್ತಿರ. ಅರ್ಧ ಗಂಟೆ ನಿಂತು ಮತ್ತೆ ಬೆಳಗಾವಿಯ ದಾರಿ ಹಿಡಿಯುವಂತೆ ವೇಳೆ ಹಾಕಿದರು. ಅರ್ಧ ಗಂಟೆಯಲ್ಲಿ ಮೆಜೆಸ್ಟಿಕ್‌ನಲ್ಲಿ ಒಂದು ಕಾಫಿ ಕುಡಿದು ಬರಬಹುದು, ಖರೀದಿ ಮಾಡಲಾದೀತೇ? ಎರಡೂ ಗಾಡಿಗಳು ದಾವಣಗೆರೆಗೆ ಬರುತ್ತವೆ, ಎರಡೂ ದಾವಣಗೆರೆಯ ಕೆಲಸಕ್ಕೆ ಬರುವುದಿಲ್ಲ.

ಸರಿ, ರಾತ್ರಿ ಗಾಡಿ ಹಿಡಿಯೋಣ ಎಂದರೆ ಅದು ಇನ್ನೊಂದು ಪುರಾಣ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸು ಹುಬ್ಬಳ್ಳಿಯವರಿಗೆ ಹೇಳಿ ಮಾಡಿಸಿದಂಥ ಗಾಡಿ. ಉಂಡು ಹತ್ತಿ, ಮಲಗಿ ಎದ್ದರೆ ಬೆಂಗಳೂರು. ಅದೇ ಗಾಡಿ ದಾವಣಗೆರೆಗೆ ಬರುವುದು ನಡುರಾತ್ರಿ ಕಳೆದ ಮೇಲೆ. ಮಲಗುವ ಹಾಗಿಲ್ಲ, ಏಳುವ ಹಾಗಿಲ್ಲ. ವಾಪಸ್ ಬರುವಾಗ ಬೆಳಗಿನ ಜಾವ ಇಳಿಯಬೇಕು. ಚಿಕ್ಕಜಾಜೂರು ದಾಟಿತೆಂದರೆ ಎದ್ದು ಕೂರಬೇಕು, ಕಣ್ಣು ಹತ್ತಿತೋ ಹರಿಹರ, ಇನ್ನೂ ಹತ್ತಿತೋ ರಾಣೆಬೆನ್ನೂರು! ಒಂದು ದಿನದ ಖರೀದಿಗೆ ಎರಡು ರಾತ್ರಿಯ ನಿದ್ದೆ ಬಡ್ಡಿ. ಮರುದಿನ ಅಂಗಡಿಯಲ್ಲಿ ಆಕಳಿಸುತ್ತಾ ಕೂತ ಯಜಮಾನನನ್ನು ನೋಡಿ ಗಿರಾಕಿಗಳು ತಿಳಿದುಕೊಳ್ಳುತ್ತಾರೆ, “ಬೆಂಗಳೂರಿಗೆ ಹೋಗಿದ್ರು ಅಂತ ಕಾಣ್ತದೆ.”

ಸುತ್ತಿ ಬಳಸಿ ದಾರಿ

ಇದಕ್ಕೆಲ್ಲ ಮೂಲ ಹಳಿಯಲ್ಲೇ ಇದೆ. ರಸ್ತೆಯಲ್ಲಿ ಬೆಂಗಳೂರು ಸುಮಾರು 260 ಕಿಲೋಮೀಟರ್. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು, ನೆಟ್ಟಗೆ ದಾರಿ. ಹಳಿಯಲ್ಲಿ ಸುಮಾರು 325. ಚಿಕ್ಕಜಾಜೂರು, ಅಜ್ಜಂಪುರ, ಬೀರೂರು, ಕಡೂರು, ಅರಸೀಕೆರೆ, ತಿಪಟೂರು ಸುತ್ತಿಕೊಂಡು ತುಮಕೂರು ಸೇರಬೇಕು. ಅಂದು ಹಳಿ ಹಾಕಿದವರಿಗೆ ಆ ಊರುಗಳೂ ಬೇಕಿದ್ದವು, ಅದು ತಪ್ಪಲ್ಲ. ಇಂದಿನವರು ನೇರ ಹಳಿ ಹಾಕದಿರುವುದು ತಪ್ಪು.

ನೇರ ಹಳಿಯ ಮಾತು ಹೊಸದೇನಲ್ಲ. ತುಮಕೂರು–ಚಿತ್ರದುರ್ಗ–ದಾವಣಗೆರೆ ಮಾರ್ಗ, 191 ಕಿಲೋಮೀಟರ್, 2011–12ರ ರೈಲ್ವೆ ಬಜೆಟ್‌ನಲ್ಲೇ ಮಂಜೂರಾಯಿತು. ಜಮೀನು ರಾಜ್ಯ ಸರ್ಕಾರದ್ದು, ಖರ್ಚು ಅರ್ಧ ಅರ್ಧ ಎಂದು ಒಪ್ಪಂದ. ಅದಾದ ಮೇಲೆ ಎಷ್ಟು ಸರ್ಕಾರ ಬಂದವು, ಎಷ್ಟು ಮಂತ್ರಿಗಳು ಬಂದು ಹೋದರು! ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ ಹುಡುಗ ಕಾಲೇಜು ಮೆಟ್ಟಿಲು ಹತ್ತಿದ, ಹಳಿ ಮಾತ್ರ ಊರು ಮುಟ್ಟಲಿಲ್ಲ. ಭೂಮಿ ಕೊಡಿಸುವುದು ತಡ ಎಂದು ಕೇಂದ್ರದವರು, ಕೆಲಸವೇ ತಡ ಎಂದು ರಾಜ್ಯದವರು. ಅತ್ತೆ ಸೊಸೆ ಜಗಳದಲ್ಲಿ ಒಲೆ ಮೇಲಿನ ಅನ್ನ ಸೀದ ಹಾಗೆ. 2024ರ ಜೂನಿನಲ್ಲಿ ತುಮಕೂರಿನ ಸಂಸದ ವಿ. ಸೋಮಣ್ಣನವರು ರೈಲ್ವೆ ರಾಜ್ಯ ಸಚಿವರಾದಾಗ ಇಲ್ಲಿಯ ವ್ಯಾಪಾರಸ್ಥರಿಗೆ ಆಸೆ ಚಿಗುರಿದ್ದು ಸಹಜ. ಹಳಿ ಹೊರಡುವುದೇ ಅವರ ಕ್ಷೇತ್ರದಿಂದ. ಅದು ಆದ ದಿನ 65 ಕಿಲೋಮೀಟರ್‌ನಷ್ಟು ಸುತ್ತು ತಪ್ಪುತ್ತದೆ, ಶಿರಾ, ಹಿರಿಯೂರಿನಂಥ ಊರುಗಳಿಗೂ ರೈಲಿನ ಕೂಗು ಕೇಳುತ್ತದೆ.

ಲೆಕ್ಕ ಹಾಕಿ ಹೊರಡಿ

ಆ ತನಕ ಏನು ಮಾಡಬೇಕು? ಹಠ ಬಿಟ್ಟು ಲೆಕ್ಕ ಹಾಕಬೇಕು. ಒಂದೇ ಹಗಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಖರೀದಿಯವರಿಗೆ ಸದ್ಯಕ್ಕೆ ಬಸ್ಸೇ ಗತಿ. ಬೆಳಗಿನ ಜಾವ ಹತ್ತಿ, ನೆಲಮಂಗಲ ದಾಟಿದ ಮೇಲೆ ಮಾದಾವರದಲ್ಲೋ ನಾಗಸಂದ್ರದಲ್ಲೋ ಇಳಿದು ಮೆಟ್ರೋ ಹಿಡಿದರೆ ಪೀಣ್ಯದ ಟ್ರಾಫಿಕ್ಕಿನಲ್ಲಿ ಒಂದು ತಾಸು ಕೊಳೆಯುವುದು ತಪ್ಪುತ್ತದೆ. ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿಗೆ ಹೋಗುವ ಮಂಡಿಪೇಟೆಯವರು, ಒಂದು ದಿನ ಉಳಿಯುವುದಿದ್ದರೆ ರೈಲು ಹಿಡಿಯಲಿ, ಯಶವಂತಪುರ ಸ್ಟೇಷನ್ನಿನಿಂದ ಯಾರ್ಡು ಹತ್ತಿರ. ರೋಗಿ, ಮುದುಕರು, ಮಕ್ಕಳು ಜೊತೆಗಿದ್ದರೆ ಎಷ್ಟೇ ಕಷ್ಟವಾದರೂ ಮುಂಚಿತವಾಗಿ ಬರ್ತ್ ಮಾಡಿಸಿ ರೈಲಿನಲ್ಲೇ ಹೋಗುವುದು ಲೇಸು. ಪುಣೆಯಿಂದಾಚೆಗೆ ಎಂದರೆ ಬಸ್ಸಿನ ಯೋಚನೆಯನ್ನೇ ಬಿಡಿ.

ಇದು ಪ್ರಯಾಣಿಕರು ಮಾಡಿಕೊಳ್ಳಬೇಕಾದ ಲೆಕ್ಕ. ರೈಲ್ವೆಯವರು ಮಾಡಬೇಕಾದ ಲೆಕ್ಕ ಬೇರೆ. ದಾವಣಗೆರೆ ಸ್ಟೇಷನ್ ಸೇರಿರುವುದು ಮೈಸೂರು ವಿಭಾಗಕ್ಕೆ, ವಲಯದ ಕಚೇರಿ ಹುಬ್ಬಳ್ಳಿಯಲ್ಲಿ, ಕೊನೆಯ ಸಹಿ ದೆಹಲಿಯಲ್ಲಿ. ಇಲ್ಲಿಯ ಅರ್ಜಿ ಮೂರು ಊರು ಸುತ್ತುವುದರೊಳಗೆ ಕಾಗದ ಹಳದಿಯಾಗುತ್ತದೆ. ಅದಕ್ಕೇ ಒಬ್ಬೊಬ್ಬರು ಒಂದೊಂದು ಕೇಳುವ ಬದಲು ವರ್ತಕರು, ಬಸ್ಸಿನಲ್ಲಿ ದಿನ ಓಡಾಡುವ ನೌಕರರು, ರೋಗಿಗಳ ಮನೆಯವರು ಎಲ್ಲ ಸೇರಿ ಮೂರೇ ಮೂರು ಕೇಳಲಿ. ಬೆಳಗಿನ ಜಾವ ದಾವಣಗೆರೆಯಿಂದ ಹೊರಟು 10ರೊಳಗೆ ಬೆಂಗಳೂರು ಮುಟ್ಟಿಸಿ, ಸಂಜೆ 6ರ ಮೇಲೆ ಅಲ್ಲಿಂದ ಹೊರಡುವ ಒಂದು ಹಗಲು ಗಾಡಿ. ಅದರಲ್ಲಿ ಎ.ಸಿ.ಯ ಅಲಂಕಾರಕ್ಕಿಂತ ಜನರಲ್ ಬೋಗಿ ಹೆಚ್ಚು. ಈಗಿರುವ ರಾತ್ರಿ ಗಾಡಿಗಳಲ್ಲಿ ಈ ಊರಿನ ಕೋಟಾಕ್ಕೆ ಇನ್ನಷ್ಟು ಬರ್ತ್. ಜೋಡಿ ಹಳಿ ಇದೆ, ಕರೆಂಟಿದೆ, ಹತ್ತುವ ಜನರಿದ್ದಾರೆ. ಇಲ್ಲದ್ದು ಮನಸ್ಸು.

ಚುನಾವಣೆ ಬಂದಾಗ ವೇದಿಕೆಯ ಮೇಲೆ ಎಲ್ಲ ಪಕ್ಷದವರೂ ರೈಲು ಬಿಡುವವರೇ. ಮುಂದಿನ ಸಲ ಚೌಕಿಪೇಟೆಗೆ ಮತ ಕೇಳಲು ಬಂದವರಿಗೆ ಅಂಗಡಿಯವರು ಹಾರ ಹಾಕುವ ಮುಂಚೆ ಒಂದೇ ಮಾತು ಕೇಳಲಿ: “ಅದೆಲ್ಲ ಇರ್ಲಿ ಬಿಡ್ರಿ, ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರೋ ಗಾಡಿ ಯಾವಾಗ ಕೊಡ್ತೀರಿ?”